ಯಾವುದಕ್ಕಿಂತ ಬೆಟರ್?

೨೦೦೬ನೇ ಇಸವಿ. ಮಳೆಗಾಲದ ಮೀನುಗಾರಿಕೆ ರಜೆ ಮುಗಿಯುತ್ತಾ ಬಂದಿತ್ತು. ಆ ದಿನ ನಮ್ಮವರು ಬೆಳಿಗ್ಗೆಯೆಲ್ಲಾ ಜಗಲಿಯಲ್ಲಿ ಕೂತು ಬಲೆ ಸರಿ ಮಾಡಿದರು. ಮಧ್ಯಾಹ್ನ ಒಣಮೀನು ಸಾರು ಬಡಿಸಿದೆ. ಎರಡು ತುತ್ತು ಉಂಡು, ಮೊನ್ನೆದಕ್ಕಿಂತ ಇವತ್ತಿನದು ಅಡ್ಡಿಲ್ಲ ಅಂದರು.

"ಅಂದ್ರೆ ಲಾಯ್ಕಿತ್ತಾ?" ಅಂತ ಕೇಳಿದೆ.

"ಮೊನ್ನೆದಕ್ಕಿಂತ ಅಂದೆ ಮಾರಾಯ್ತಿ. ಮೊನ್ನೆದ್ ಬಾಯಿಗ್ ಇಡುಕ್ ಆತಿರ್ಲಿಲ್ಲ."

ಅವರ ಹೆಸರು ಐತ. ಹಂಗಾರಕಟ್ಟೆಯವರು. ಹದಿನಾಲ್ಕು ವರ್ಷಕ್ಕೇ ದೋಣಿ ಹತ್ತಿದವರು, ನಲವತ್ತಾರರ ತನಕ ಇಳಿಯಲಿಲ್ಲ. ಯಾವುದನ್ನೂ ಸುಮ್ಮನೆ ಒಳ್ಳೆಯದು ಅನ್ನುವ ಜನ ಅಲ್ಲ. ಈ ಎಂಜಿನ್ ಆ ಎಂಜಿನ್‌ಗಿಂತ, ಈ ವರ್ಷದ ಗಾಳಿ ಹೋದ ವರ್ಷದ್ದಕ್ಕಿಂತ, ಹೀಗೇ. ಮದುವೆಗೆ ಹೆಣ್ಣು ನೋಡಿ ಹೋದ ಮೇಲೆ ನನ್ನನ್ನೂ ಹಾಗೇ ಹೇಳಿದ್ದರಂತೆ. ಯಾರಿಗಿಂತ ಅಂತ ಅತ್ತೆ ಇವತ್ತಿಗೂ ಬಾಯಿ ಬಿಟ್ಟಿಲ್ಲ.

ಉಂಡೆದ್ದು ಹೊಳೆ ಬದಿಗೆ ಹೋದರು. ದೋಣಿಗೆ ಬಣ್ಣ ಹೊಡೆಯುವುದಿತ್ತು. ಹಿಮ್ಮಡಿ ಒಡೆದಿತ್ತು, ಆ ಕಾಲಲ್ಲೇ ಕೆಸರು ನೀರಲ್ಲಿ ಸಂಜೆ ತನಕ ನಿಂತರು. ವಾರ ಕಳೆದು ಜ್ವರ ಬಂತು. ಮೂರನೇ ದಿನಕ್ಕೆ ಕಣ್ಣು ಹಳದಿ. ಕುಂದಾಪುರದ ಆಸ್ಪತ್ರೆಯಲ್ಲಿ ಇಲಿಜ್ವರ ಅಂತ ಹೇಳಿ ಮಲಗಿಸಿಕೊಂಡರು.

ಮಾರನೇ ದಿನ ಮೈದುನ ಚಂದ್ರ ವ್ಯಾನ್ ತಂದ. ದೋಣಿಯವರು ಆರು ಜನ ಜೊತೆಗೆ ಬಂದಿದ್ದರು. ಇನ್ನೂ ದೊಡ್ಡ ಆಸ್ಪತ್ರೆಗೆ ಒಯ್ಯುವುದು ಅಂತ ಮನೆಯಲ್ಲೇ ಮಾತಾಗಿತ್ತು. ಒಂದೇ ತೊಡಕು, ಮರುದಿನ ಕಡಲ ಪೂಜೆ. ನಮ್ಮಲ್ಲಿ ಆ ಬೆಳಿಗ್ಗೆ ದೋಣಿಯ ಆಳುಗಳೆಲ್ಲಾ ಕಡಲ ಬದಿಯಲ್ಲಿ ಇರಬೇಕು. ಒಬ್ಬ ಮಲಗಿದ್ದರೆ ಕಡಲಿಗೆ ಬಿಡುವ ಅವನ ತೆಂಗಿನಕಾಯಿಯನ್ನು ಅಣ್ಣತಮ್ಮಂದಿರು ಹಿಡಿಯಬೇಕು, ಕಾಯಿ ತಪ್ಪಬಾರದು. ಆದರೂ ಚಂದ್ರ ಪೂಜೆ ತಪ್ಪಿದರೂ ಅಡ್ಡಿಲ್ಲ ಅಂತಲೇ ಬಂದಿದ್ದ.

ಡಾಕ್ಟರು ಬಂದರು. ಮಂಚಕ್ಕೆ ಕಟ್ಟಿದ ಕಾಗದ ನೋಡಿ, ಬೆಟರ್ ಇದ್ದಾರೆ ಅಂದರು. ಬೆಳಿಗ್ಗೆಯಿಂದ ಮೂತ್ರ ಹೋಗಲಿಲ್ಲ ಅಂತ ನಾನು ಹೇಳಿದೆ. ಅದನ್ನು ನೋಡುತ್ತೇವೆ ಅಂದರು. ಬೇರೆ ಕಡೆಗೆ ಕರ್ಕೊಂಡು ಹೋಗಬೇಕಾ, ವ್ಯಾನ್ ಕೆಳಗೇ ನಿಂತಿದೆ ಅಂತ ಚಂದ್ರ ಕೇಳಿದ.

"ಬೆಟರ್ ಅಂದೆನಲ್ಲಾ. ಯಾಕೆ ಗಾಬರಿ ಮಾಡ್ತೀರಿ?" ಅಂದವರು ಪಕ್ಕದ ಮಂಚಕ್ಕೆ ಹೋದರು.

ನಮ್ಮವರು ನನ್ನ ಸೆರಗು ಎಳೆದರು. ಸ್ವರ ಸಣ್ಣಗಾಗಿತ್ತು. "ಯಾವ್ದಕ್ಕಿಂತ ಅಂತ ಕೇಣ್."

ಈಗಲೂ ತಮಾಷೆಯಾ ಅಂತ ನನಗೆ ಸಿಟ್ಟು ಬಂತು. "ನೀವ್ ಸುಮ್ನೆ ಮನಿಕಣಿ" ಅಂದೆ. ಡಾಕ್ಟರನ್ನು ಕೇಳಲಿಲ್ಲ.

ವ್ಯಾನ್ ವಾಪಸು ಹೋಯಿತು. ಪೂಜೆಗೆ ಆಳುಗಳು ಬೇಕಲ್ಲ, ಅವರೂ ಅದರಲ್ಲೇ ಹೋದರು. ನಾನು ಕೆಳಗಿನ ಫೋನ್ ಬೂತಿಗೆ ಹೋಗಿ ನೆನಪಾದ ನೆಂಟರಿಗೆಲ್ಲಾ ಬೆಟರಂತೆ, ಬೆಟರಂತೆ ಅಂದೆ. ಆ ಮಾತು ನನ್ನ ಬಾಯಲ್ಲೂ ಬಂದದ್ದು ಹೌದು.

ಮರುದಿನ ಹತ್ತು ಗಂಟೆಗೆ ಅವರಿಗೆ ಉಸಿರು ಕಟ್ಟತೊಡಗಿತು. ಕಡಲ ಬದಿಯಲ್ಲಿ ಚಂದ್ರ ಅಣ್ಣನ ಕಾಯಿ ಹಿಡಿದು ನಿಂತಿದ್ದ ಹೊತ್ತು. ಈಗ ಅದೇ ಡಾಕ್ಟರು, ಕೂಡಲೇ ದೊಡ್ಡ ಆಸ್ಪತ್ರೆಗೆ ಒಯ್ಯಿರಿ ಅಂತ ಚೀಟಿ ಬರೆದರು. ಆಂಬುಲೆನ್ಸ್‌ನಲ್ಲಿ ನಾನೊಬ್ಬಳೇ. ಜೀವ ಬ್ರಹ್ಮಾವರ ದಾಟಲಿಲ್ಲ.

ಬಂದವರೆಲ್ಲಾ ಒಂದೇ ಮಾತು, ಬೆಟರ್ ಅಂದಿದ್ದರಲ್ಲ. ಮಗಳು ಅಮಿತಾ ಎಂಟನೇ ಕ್ಲಾಸು. ಅವಳು ಅತ್ತು ಮುಗಿಸಿ ಒಂದು ದಿನ ನನಗೆ ಹೇಳಿದಳು.

"ಅಮ್ಮ, ಬೆಟರ್ ಅಂದ್ರೆ ಗುಣ ಆಯ್ತ್ ಅಂತ ಅಲ್ಲ. ಎರಡನ್ನ್ ಹೋಲ್ಸಿ ಹೇಳುದ್. ಟೀಚರ್ ಹೇಳಿರ್, ಹತ್ತ್ ಮಾರ್ಕಿಗಿಂತ ಹನ್ನೊಂದ್ ಬೆಟರ್. ಎರಡೂ ಫೇಲೇ."

ನಾನು ಓದಿದ್ದು ಮೂರನೇ ಕ್ಲಾಸು. ಆದರೆ ಇದು ತಿಳಿಯಲು ಶಾಲೆ ಬೇಕಾ? ನಾನು ಸಾಲಿಗ್ರಾಮ, ಕೋಟ ಅಂತ ಮನೆ ಮನೆಗೆ ಮೀನು ಹೊತ್ತವಳು. ಮೊನ್ನೆಯ ಬಂಗುಡೆ ಬುಟ್ಟಿಯಲ್ಲಿಟ್ಟು ಬೆಟರ್ ಇದೆ ಅಂದರೆ, ಯಾವುದಕ್ಕಿಂತ ಅಂತ ಕೇಳದೆ ಯಾರೂ ತೆಗೆದುಕೊಳ್ಳುವುದಿಲ್ಲ. ಕೊಳೆತದ್ದಕ್ಕಿಂತ ಅಂದರೆ ಬುಟ್ಟಿಯನ್ನೇ ಕವುಚಿ ಹಾಕಿಯಾರು. ಮೀನಿಗೆ ಇರುವ ನ್ಯಾಯ ಮನುಷ್ಯನಿಗೆ ಇಲ್ಲ.

ಉತ್ತರಕ್ರಿಯೆಯ ಬೊಜ್ಜ ಮುಗಿದ ಮೇಲೆ ಆಸ್ಪತ್ರೆಗೆ ಹೋದೆ. ಚಂದ್ರ ಬೇಡ ಅತ್ತಿಗೆ ಅಂದ, ಕೇಳಲಿಲ್ಲ. ಸಾಲಲ್ಲಿ ಕೂತು ನನ್ನ ಸರದಿಗೆ ಒಳಗೆ ಹೋದೆ. ಡಾಕ್ಟರಿಗೆ ಗುರುತು ಸಿಗಲಿಲ್ಲ. ಹೇಳಿದೆ. ಆ ದಿನ ಬೆಟರ್ ಅಂದದ್ದು ಯಾವುದಕ್ಕಿಂತ ಅಂತ ಕೇಳಿದೆ.

"ಜ್ವರ ಹಿಂದಿನ ದಿನಕ್ಕಿಂತ ಇಳಿದಿತ್ತಮ್ಮ. ಅದಕ್ಕೆ ಹೇಳಿದ್ದು."

ಮೂತ್ರ ನಿಂತದ್ದು?

ಅದು ಬೇರೆ ವಿಷಯ, ಕಿಡ್ನಿ ಸೋಲುತ್ತಾ ಇತ್ತು ಅಂದರು. ಆವಾಗಲೇ ಗೊತ್ತಿತ್ತಾ ಅಂದರೆ, ಅಂದಾಜು ಇತ್ತು ಅಂದರು. ಮನೆಯವರಿಗೆ ಧೈರ್ಯ ಇರಲಿ ಅಂತ ಹಾಗೆ ಹೇಳುವುದಂತೆ.

"ನಾವ್ ಧೈರ್ಯ ಕೇಂಡದ್ದಲ್ಲ ಡಾಕ್ಟ್ರೆ. ವ್ಯಾನ್ ನಿಲ್ಸುದಾ, ಕಳ್ಸುದಾ ಅಂತ ಕೇಂಡದ್ದ್."

ಅವರು ಮೇಜಿನ ಮೇಲಿನ ಪೆನ್ನು ತೆಗೆದರು, ಇಟ್ಟರು. ನರ್ಸ್ ಬಂದು ಮುಂದಿನವರ ಹೆಸರು ಕೂಗಿದಳು. ಎದ್ದು ಬಂದೆ. ಒಯ್ದಿದ್ದರೆ ಉಳಿಯುತ್ತಿದ್ದರು ಅಂತ ಹೇಳಲಾರೆ. ಆದರೆ ಆ ಒಂದು ದಿನ ನಮ್ಮ ಕೈಯಲ್ಲಿತ್ತು, ವ್ಯಾನೂ ಇತ್ತು, ಹೊರುವ ಆರು ಜನ ಗಂಡಸರೂ ಇದ್ದರು. ಅರ್ಧ ಮಾತು ಹೇಳಿ ಆ ದಿನವನ್ನು ಕಿತ್ತುಕೊಂಡರು. ಉಳಿದರ್ಧ ಕೇಳು ಅಂದವರ ಬಾಯಿ ನಾನು ಮುಚ್ಚಿಸಿದೆ. ಅದು ನನ್ನ ಪಾಲು, ಅದನ್ನು ಯಾರ ಮೇಲೂ ಹಾಕುವುದಿಲ್ಲ.

ಈಗ ಅತ್ತೆಗೆ ಎಂಬತ್ತು ದಾಟಿದೆ. ಹೃದಯದ ಕಾಯಿಲೆ, ಕಾಲಿಗೆ ನೀರು ತುಂಬುತ್ತದೆ. ತಿಂಗಳಿಗೊಮ್ಮೆ ತೋರಿಸಲು ಹೋದರೆ ಅಲ್ಲಿಯೂ ಅದೇ ಮಾತು ಹೇಳುತ್ತಾರೆ. ನಾನು ಬಾಯಿಮಾತು ನಂಬುವುದು ಬಿಟ್ಟಿದ್ದೇನೆ. ಬೆಳಿಗ್ಗೆ ಒಲೆ ಹಚ್ಚುವ ಮೊದಲು ಅತ್ತೆಯ ಕಾಲನ್ನು ಮಡಿಲಲ್ಲಿಟ್ಟುಕೊಂಡು ಪಾದದ ಗಂಟಿನ ಸುತ್ತ ಒಂದು ನೂಲು ಸುತ್ತಿ, ತುದಿ ಕೂಡಿದಲ್ಲಿ ಕತ್ತರಿಸುತ್ತೇನೆ. ಗೋಡೆಯ ಮೊಳೆಯಲ್ಲಿ ನಿನ್ನೆಯ ನೂಲು ಇರುತ್ತದೆ. ಎರಡನ್ನೂ ಜೋಡಿಸಿ ಹಿಡಿದು ನೋಡಿ, ಹೊಸದನ್ನು ಅದರ ಪಕ್ಕ ನೇತು ಹಾಕುತ್ತೇನೆ.