ಅಕ್ಕನ ಕಡೆಯ ಕಾನೂನು

ನನ್ನ ಅಕ್ಕನಿಗೆ ಎಲ್ಲವೂ ನನಗಿಂತ ಮೊದಲೇ ಸಿಗುತ್ತದೆ. ಉದ್ದ ಕೂದಲು ಅವಳಿಗೆ, ಅಪ್ಪನ ಮುದ್ದು ಅವಳಿಗೆ. ಮದುವೆಯಾಗಿ ಹೋದದ್ದೂ ಗಡಿಯಾಚೆ, ಕರ್ನಾಟಕಕ್ಕೆ. ವರ್ಕಾಡಿಯ ನಮ್ಮ ಮನೆಯಿಂದ ಜೀಪು ಹತ್ತಿದರೆ ಬೆವರು ಆರುವ ಮೊದಲು ಅವಳ ಅಂಗಳ. ಆದರೆ ಅಲ್ಲಿ ಕಚೇರಿಯಲ್ಲಿ ಕನ್ನಡ ನಡೆಯುತ್ತದೆ, ಸರಕಾರಿ ಬಸ್ಸಿನಲ್ಲಿ ಅವಳಿಗೆ ದುಡ್ಡಿಲ್ಲದ ಟಿಕೆಟು. ನಾನು ಮಲಯಾಳಂ ಅರ್ಜಿ ಹಿಡಿದು ಓದಿ ಹೇಳುವವರನ್ನು ಹುಡುಕಬೇಕು. ಇಷ್ಟು ಸಾಲದೆಂಬಂತೆ ಮೊನ್ನೆ ಡಿಸೆಂಬರಿನಲ್ಲಿ ಅವಳಿಗೊಂದು ಕಾನೂನೂ ಸಿಕ್ಕಿತು.

ಕುಸ್ವಾರ್ ಮಾಡಲು ಬಂದಿದ್ದಳು. ಕ್ರಿಸ್ಮಸ್ಸಿಗೆ ಕರ್ಜಿಕಾಯಿಯಂಥ ನೆವ್ರಿ, ಚಕ್ಕುಲಿ, ಲಾಡು ಮಾಡಿ, ತಟ್ಟೆಯಲ್ಲಿಟ್ಟು ಬಟ್ಟೆ ಮುಚ್ಚಿ, ಜಾತಿ ಮತ ನೋಡದೆ ನೆರೆಮನೆಗಳಿಗೆಲ್ಲ ಕೊಡುವುದು ನಮ್ಮ ಕೊಂಕಣಿ ಕ್ರೈಸ್ತರ ಪದ್ಧತಿ. ಎಣ್ಣೆ ಕಾಯುತ್ತಿರುವಾಗ ಅಕ್ಕ ಮೊಬೈಲನ್ನು ನನ್ನ ಮುಖಕ್ಕೆ ಹಿಡಿದಳು. ದ್ವೇಷದ ಅಪರಾಧ ತಡೆಯಲೆಂದೇ ಕರ್ನಾಟಕದ ವಿಧಾನಸಭೆಯಲ್ಲಿ ಮಸೂದೆ ಪಾಸಾಗಿತ್ತು. ಧರ್ಮದ, ಜಾತಿಯ, ಭಾಷೆಯ ಹೆಸರಲ್ಲಿ ದ್ವೇಷ ಕಾರಿದರೆ ಜೈಲಂತೆ.

ನನಗೆ ಹೊಟ್ಟೆ ಉರಿಯಿತು. ಹಿಂದಿನ ಕ್ರಿಸ್ಮಸ್ಸಿಗೆ ತಟ್ಟೆ ಹಿಡಿದು ಹೊರಟ ನನ್ನ ಗಂಡನನ್ನು ನಮ್ಮದೇ ರಸ್ತೆಯಲ್ಲಿ ಕೆಲವರು ಅಡ್ಡಗಟ್ಟಿದ್ದರು. "ತಿಂಡಿ ಕೊಟ್ಟು ಮತಾಂತರ ಮಾಡ್ಲಿಕ್ಕೆ ಹೊರಟದ್ದಾ?" ಎಂದು ಕೇಳಿ, ನಮ್ಮ ದೇವರನ್ನು ಬಾಯಿಗೆ ಬಂದಂತೆ ಬೈದು, ಕೆನ್ನೆಗೆ ಬಾರಿಸಿದ್ದರು. ಠಾಣೆಯಲ್ಲಿ ಅದನ್ನು ಬರೀ ಹೊಡೆದಾಟವೆಂದು ಬರೆದುಕೊಂಡರು. ಯಾಕೆ ಹೊಡೆದರೆಂದು ಯಾರೂ ಕೇಳಲಿಲ್ಲ. ನನ್ನ ಗಂಡನಿಗೆ ಪೆಟ್ಟಿಗಿಂತ ಅದೇ ಹೆಚ್ಚು ನೋವು. ಈ ಸಲ ತಾನು ತಟ್ಟೆ ಮುಟ್ಟುವುದಿಲ್ಲ ಎಂದು ಹೇಳಿಬಿಟ್ಟಿದ್ದರು. ಅವರನ್ನು ಹೇಗಾದರೂ ಹೊರಡಿಸಬೇಕೆಂದು ನಾನು ಒದ್ದಾಡುತ್ತಿದ್ದರೆ, ಇವಳು ಇಲ್ಲಿ ಕುಳಿತು ನೆವ್ರಿಯ ಅಂಚು ಮಡಚುತ್ತಾ ಸುದ್ದಿ ಓದುತ್ತಾಳೆ. ಪೆಟ್ಟು ನಮಗೆ, ಕಾನೂನು ಅವಳಿಗೆ!

"ನಿನಗೆಂತ ಮಾರಾಯ್ತಿ, ಸರಕಾರವೇ ನಿನ್ನ ಬೆನ್ನಿಗುಂಟು" ಎಂದೆ. ಮಾತಿನಲ್ಲಿ ವಿಷವಿತ್ತು, ಇರಲಿ ಎಂದೇ ಹೇಳಿದ್ದು.

ಅಕ್ಕ ಗ್ಯಾಸ್ ಆರಿಸಿದಳು. ಸಿಟ್ಟು ಬಂದರೆ ಅವಳು ಕೊಂಕಣಿ ಬಿಟ್ಟು ಕನ್ನಡಕ್ಕೆ ಇಳಿಯುತ್ತಾಳೆ.

"ನೀವು ಠಾಣೆಗೆ ಹೋಗಿ ಹೊಡೆದವರ ಹೆಸರಾದ್ರೂ ಹೇಳಿದ್ರಿ. ಅದನ್ನು ಕೇಳಿ ನನಗೆಷ್ಟು ಹೊಟ್ಟೆಕಿಚ್ಚಾಗಿತ್ತು ಗೊತ್ತುಂಟಾ? ನಿನ್ನ ಭಾವನಿಗೂ ಹೀಗೇ ಪೆಟ್ಟು ಬಿದ್ದಿದೆ, ನಮ್ಮ ಅಂಗಳದಲ್ಲೇ. ನಾವು ಯಾರಿಗೂ ಹೇಳ್ಲಿಲ್ಲ."

ಇಷ್ಟು ಹತ್ತಿರವಿದ್ದೂ ನನಗೆ ತಿಳಿದಿರಲಿಲ್ಲ.

"ಯಾರು ಹೊಡೆದದ್ದು?" ಎಂದು ಕೇಳಿದೆ.

"ಎದುರು ಮನೆಯವನೇ."

"ಈಗ ಕಾನೂನು ಬರ್ತದಲ್ಲ ಅಕ್ಕ, ಇನ್ನಾದ್ರೂ ಹೇಳಬಹುದಲ್ಲ?"

"ಕಾನೂನು ಬೆಂಗಳೂರಲ್ಲಿ ಉಂಟು. ಅವ ನಮ್ಮ ಗೇಟಿನ ಎದುರು ಇದ್ದಾನೆ. ದಿನಾ ಬೆಳಿಗ್ಗೆ ಸಿಗ್ತಾನೆ. ನಾನೇ ಮೊದಲು ನಗಾಡಿ, ಚಾ ಆಯ್ತಾ ಅಂತ ಕೇಳ್ತೇನೆ."