ನೆಲ ನೋಡುತ್ತ ನಡೆದವರು

ವೈದ್ಯಲೋಕದಲ್ಲಿ ಹೆಸರು ಮಾಡಲು ದಾರಿಗಳು ಹಲವು. ಹೊಟ್ಟೆ ಕೊಯ್ದು ಗಡ್ಡೆ ತೆಗೆದವರ ಭಾವಚಿತ್ರ ಹಜಾರದಲ್ಲಿ ತೂಗುತ್ತದೆ. ಯಾರಿಗೂ ತಿಳಿಯದ ಜ್ವರವನ್ನು ಗುರುತಿಸಿದವರಿಗೆ ಸಭೆ ಸೇರಿ ಸನ್ಮಾನ ಮಾಡುತ್ತಾರೆ. ಆಗಲಿದ್ದ ಅನಾಹುತ ಆಗದಂತೆ ನೋಡಿಕೊಂಡವರಿಗೆ ಮಾತ್ರ ಎರಡೂ ಇಲ್ಲ. ಆಗದೇ ಹೋದದ್ದರ ಚಿತ್ರ ತೆಗೆಯುವುದಾದರೂ ಹೇಗೆ? ವೃದ್ಧರ ವಾರ್ಡಿನ ಹಿರಿಯ ನರ್ಸ್ ಆಗಿ ಈಗ ನಿವೃತ್ತರಾಗುತ್ತಿರುವ ನೆಲದಕ್ಕ ದುಡಿದದ್ದು ಈ ಚಿತ್ರವಿಲ್ಲದ ವಿಭಾಗದಲ್ಲಿ. ಆಸ್ಪತ್ರೆಗೆ ಬಂದ ಹಿರಿಯರು ಅಲ್ಲಿಯೇ ಜಾರಿ ಬಿದ್ದು, ತಂದ ಕಾಯಿಲೆಗಿಂತ ದೊಡ್ಡದನ್ನು ಹೊತ್ತುಕೊಂಡು ಹೋಗದಂತೆ ಕಾಯುವುದು ಅವರ ವೃತ್ತಿಯಾಗಿತ್ತು, ವ್ರತವೂ ಆಗಿತ್ತು. ಕೊನೆಗೆ ಕೊರಗೂ ಆಯಿತು.

ನೆಲದಕ್ಕ ಎಂಬುದು ತಂದೆತಾಯಿ ಇಟ್ಟ ಹೆಸರಲ್ಲ, ಆಯಾಗಳು ಇಟ್ಟದ್ದು. ಅವರು ಸದಾ ತಲೆ ತಗ್ಗಿಸಿಯೇ ನಡೆಯುತ್ತಿದ್ದರು. ಹೊಸದಾಗಿ ಸೇರಿದ ವೈದ್ಯರು ಅದನ್ನು ವಿನಯವೆಂದು ಬಗೆದು ಎದೆಯುಬ್ಬಿಸಿ ಹೋಗುತ್ತಿದ್ದುದುಂಟು. ಅಕ್ಕ ಹುಡುಕುತ್ತಿದ್ದುದು ಚೆಲ್ಲಿದ ನೀರನ್ನು, ಅಡ್ಡ ಬಿದ್ದ ವಯರನ್ನು, ಹಿಮ್ಮಡಿ ಸವೆದ ಚಪ್ಪಲಿಯನ್ನು. ಅವರೆದುರು ವಿನಯದಿಂದ ಇರಬೇಕಾದವರು ತಾವೇ ಎಂಬುದು ಆ ವೈದ್ಯರಿಗೆ ತಿಂಗಳೊಪ್ಪತ್ತಿನಲ್ಲಿ ಅರಿವಾಗುತ್ತಿತ್ತು.

ಈ ಅಭ್ಯಾಸಕ್ಕೆ ಒಂದು ಮೂಲವಿತ್ತು. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಿವೃತ್ತ ಶಾಲಾ ಶಿಕ್ಷಕಿಯೊಬ್ಬರು ಶೌಚಕ್ಕೆ ಹೋಗಬೇಕೆಂದು ಅವರನ್ನು ಕೂಗಿದ್ದರು. ಅಕ್ಕನ ಕೈಯಲ್ಲಿ ಇನ್ನೊಬ್ಬರಿಗೆ ಚುಚ್ಚಬೇಕಾದ ಸೂಜಿಯಿತ್ತು. ಎಲ್ಲರೂ ಹೇಳುವಂತೆ ಇವರೂ “ಒಂದ್ ನಿಮಿಷ, ಬಂದೆ ಅಮ್ಮ” ಎಂದರು. ಹಿರಿಯಾಕೆ ಕಾದರು, ಮತ್ತೆ ಕೂಗಲು ಸಂಕೋಚಪಟ್ಟರು, ತಾವೇ ಎದ್ದರು. ಸೊಂಟದ ಮೂಳೆ ಮುರಿಯಿತು. ಅವರು ಮನೆಗೆ ಮರಳಲಿಲ್ಲ. ಅಂದಿನಿಂದ ‘ಒಂದು ನಿಮಿಷ’ ಎಂಬ ಮಾತು ನೆಲದಕ್ಕನ ಬಾಯಿಂದ ಬಂದದ್ದನ್ನು ಯಾರೂ ಕೇಳಿಲ್ಲ. ಅವರ ಮನೆಯವರೂ ಕೇಳಿಲ್ಲವಂತೆ; ಅಡುಗೆಮನೆಯಿಂದ ಕರೆದರೆ ಸಾಕು, ಸೌಟು ಹಿಡಿದುಕೊಂಡೇ ಓಡಿ ಬರುತ್ತಾರೆಂದು ಅವರ ಪತಿಯ ದೂರು.

ಮುಂದಿನ ವರ್ಷಗಳಲ್ಲಿ ಅವರು ತಂದ ಸುಧಾರಣೆಗಳು ಕೇಳಲು ಸಣ್ಣವು. ಮುದುಕರ ಮಂಚಗಳ ಕಾಲು ತಗ್ಗಿಸಿದರು. ಬಚ್ಚಲಿನ ಗೋಡೆಗೆ ಹಿಡಿಕೆ ಹಾಕಿಸಿದರು. ಕೂಗುವವರೆಗೆ ಕಾಯದೆ, ಊಟದ ನಂತರ ತಾವೇ ಹಾಸಿಗೆಯಿಂದ ಹಾಸಿಗೆಗೆ ಹೋಗಿ “ಬಚ್ಚಲಿಗೆ ಹೋಗಿ ಬರೋಣವಾ?” ಎಂದು ಕೇಳುವ ಪದ್ಧತಿ ಹಾಕಿದರು, ಮಾನವಂತರಾದ ಮುದುಕರು ಮೊದಮೊದಲು ಮುಖ ತಿರುಗಿಸಿದರೂ ಆಮೇಲೆ ಕರೆ ತಡವಾದರೆ ಮುನಿಸಿಕೊಳ್ಳತೊಡಗಿದರು. ನೆಲಕ್ಕೆಳೆಯುವ ಪೈಜಾಮಗಳನ್ನು ಬಿಡುವಿನಲ್ಲಿ ಕೂತು ಮಡಚಿ ಹೊಲಿದರು. ಕಿರಿಯ ನರ್ಸೊಬ್ಬಳ ಕೈಯಿಂದ ರೋಗಿ ಜಾರಿದಾಗ ಅವಳನ್ನು ಬೈಯಲು ಬಂದವರಿಗೆ, ಮೊದಲು ನೆಲ ಹೇಗಿತ್ತು ಕೇಳಿ, ಹುಡುಗಿ ಹೇಗಿದ್ದಳು ಎಂಬುದನ್ನು ಆಮೇಲೆ ಕೇಳುವಿರಂತೆ ಎಂದು ಹೇಳಿ ಕಳುಹಿಸಿದರು. ಆ ಹುಡುಗಿ ಇಂದು ಬೇರೊಂದು ವಾರ್ಡಿನ ಮುಖ್ಯಸ್ಥೆ.

ಇಷ್ಟಕ್ಕೇ ನಿಂತಿದ್ದರೆ ಈ ಲೇಖನವೂ ಇಲ್ಲಿಗೇ ನಿಂತು ಹಾರೈಕೆಗೆ ಹೊರಳಬಹುದಾಗಿತ್ತು. ಆದರೆ ಆಡಳಿತ ವರ್ಗಕ್ಕೆ ಒಳ್ಳೆಯ ಕೆಲಸ ಕಣ್ಣಿಗೆ ಬಿದ್ದರೆ ಅದಕ್ಕೊಂದು ಫಲಕ ಕೊಡದೆ ಸಮಾಧಾನವಿಲ್ಲ. ರೋಗಿಗಳು ಬೀಳದ ವಾರ್ಡಿಗೆ ವರ್ಷಕ್ಕೊಮ್ಮೆ ಫಲಕವೆಂದು ಘೋಷಣೆಯಾಯಿತು. ಮೊದಲ ವರ್ಷ ಅದು ನೆಲದಕ್ಕನ ವಾರ್ಡಿಗೆ ಬಂತು. ಬಂದದ್ದು ಅಲ್ಲೇ ಬೇರುಬಿಟ್ಟಿತು. ಫಲಕ ಉಳಿಸಿಕೊಳ್ಳುವ ಹಟ ಹೇಗೆ ಹೊಕ್ಕಿತೋ ಅವರಿಗೇ ತಿಳಿಯಲಿಲ್ಲ. ಬೀಳಬಹುದಾದವರ ಮುಂಗೈಗೆ ಹಳದಿ ಪಟ್ಟಿ ಕಟ್ಟುವ ಕ್ರಮ ಬಂತು. ಪಟ್ಟಿ ಇದ್ದವರು ಯಾರಾದರೂ ಕೈ ಹಿಡಿಯದೆ ನೆಲಕ್ಕೆ ಕಾಲಿಡುವಂತಿಲ್ಲ. ಹಿಡಿಯುವ ಕೈಗಳು ಕಡಿಮೆ, ಪಟ್ಟಿಗಳು ಹೆಚ್ಚು. ಹೀಗಾಗಿ ಕಾಲಿಡುವುದೇ ನಿಂತಿತು. ಕುರ್ಚಿಯ ಮೇಲೆ ಹಾಸುವ ಸಾಧನವೊಂದು ಬಂತು. ಕೂತವರು ಕೊಂಚ ಎದ್ದರೂ ಅದು ಕಿರುಚುತ್ತಿತ್ತು. ವಾರ್ಡಿನ ಹೆಂಗಸರು ಅದಕ್ಕೆ ‘ಅತ್ತೆಮ್ಮ’ ಎಂದು ಹೆಸರಿಟ್ಟರು.

ಅಂಥ ದಿನಗಳಲ್ಲಿ ಕ್ಷೌರದಂಗಡಿಯ ಯಜಮಾನರೊಬ್ಬರು ಎದೆಯಲ್ಲಿ ಕಫ ಕಟ್ಟಿ ಜ್ವರ ಬಂದು ದಾಖಲಾದರು. ತಮ್ಮ ಚೀಲ ತಾವೇ ಹಿಡಿದು ನಡೆದು ಬಂದಿದ್ದರು. ಜ್ವರ ಇಳಿಯುತ್ತಲೇ ಅಕ್ಕಪಕ್ಕದವರ ಗಡ್ಡ ಕಂಡು ಅವರ ಕೈ ತುರಿಸಿತು, ಎದ್ದರು, ಅತ್ತೆಮ್ಮ ಕಿರುಚಿತು. ಓಡಿ ಬಂದ ನೆಲದಕ್ಕನಿಗೆ ಅವರು ನಗುತ್ತ ಹೇಳಿದರು: “ಬದುಕೆಲ್ಲ ನಿಂತೇ ದುಡಿದವನು ಸಿಸ್ಟರ್ ನಾನು. ಕೂರೋದು ಗಿರಾಕಿಗಳ ಕೆಲಸ.”

“ಇಲ್ಲಿ ನೀವೇ ಗಿರಾಕಿ, ಯಜಮಾನ್ರೇ. ನಾನು ಹೇಳೋವರೆಗೂ ಏಳಬಾರದು.”

ವಾರ್ಡೆಲ್ಲ ನಕ್ಕಿತು. ಯಜಮಾನರು ಶಿಸ್ತಿನ ಮನುಷ್ಯ. ಕತ್ತರಿ ಹಿಡಿದವನ ಕೈಕೆಳಗೆ ತಲೆ ಅಲ್ಲಾಡಿಸಬಾರದೆಂದು ಜೀವನವಿಡೀ ಜನರಿಗೆ ಹೇಳಿದವರು. ಕೂತರು. ಕಫ ಕರಗಲು, ಒಂದರ ಹಿಂದೊಂದು ಪರೀಕ್ಷೆಗಳ ಫಲಿತಾಂಶ ಬರಲು ವಾರಗಳೇ ಹಿಡಿದವು. ಗಾಲಿಕುರ್ಚಿಯಲ್ಲಿ ಅವರನ್ನು ಬಾಗಿಲಿನವರೆಗೆ ತಳ್ಳಿ, ಎಲ್ಲರೂ ಕೈಬೀಸಿ ಬೀಳ್ಕೊಟ್ಟರು. ಎದೆ ಶುಭ್ರವಾಗಿತ್ತು, ಒಮ್ಮೆಯೂ ಬಿದ್ದಿರಲಿಲ್ಲ.

ಫಲಕ ಮತ್ತೆ ಬಂದ ದಿನ ವಾರ್ಡಿನಲ್ಲಿ ಸಿಹಿ ಹಂಚುತ್ತಿದ್ದಾಗ ಯಜಮಾನರ ಹೆಂಡತಿ ಬಂದು ಬೆಂಚಿನ ಮೇಲೆ ಕಾದು ಕೂತರು. ಅಕ್ಕ ಕೈಗಿಟ್ಟ ಸಿಹಿಯನ್ನು ತಿನ್ನದೆ ಹಿಡಿದುಕೊಂಡೇ ಮಾತಾಡಿದರು. ದೂರುವ ದನಿಯಿರಲಿಲ್ಲ.

“ಚೆನ್ನಾಗಿ ನೋಡ್ಕೊಂಡ್ರಿ ತಾಯಿ, ಅದನ್ನ ಮರೆಯಲ್ಲ. ನೀವು ಹೇಳೋವರೆಗೂ ಏಳಬಾರದು ಅಂದಿದ್ರಂತೆ. ಪಟ್ಟಿ ಇನ್ನೂ ಕೈಯಲ್ಲೇ ಇದೆ, ತೆಗೆಯೋಕೆ ಹೋದ್ರೆ ಕೈ ಎಳ್ಕೋತಾರೆ. ಯಾವಾಗ ಏಳ್ಲಿ ಅಂತ ಕೇಳ್ಕೊಂಡು ಬಾ ಅಂದ್ರು.”

ಮನೆತುಂಬ ಕತ್ತರಿಗಳಿದ್ದವು, ಅಪ್ಪಣೆ ಇರಲಿಲ್ಲ. ಪಟ್ಟಿ ಯಾರು ಕಟ್ಟಬೇಕು, ಯಾವಾಗ ಕಟ್ಟಬೇಕು, ಯಾವ ಕೈಗೆ ಕಟ್ಟಬೇಕು ಎಂಬುದೆಲ್ಲ ವಾರ್ಡಿನಲ್ಲಿ ನಿಷ್ಕರ್ಷೆಯಾಗಿತ್ತು. ಬಿಚ್ಚುವವರು ಯಾರೆಂದು ಯಾರಿಗೂ ಹೊಳೆದಿರಲಿಲ್ಲ. ಬೀಳದವರ ಲೆಕ್ಕದಲ್ಲಿ ಮುಳುಗಿದವರಿಗಷ್ಟೇ ಆಗಬಹುದಾದ ಮರೆವು ಇದು.

ಅಂದು ಸಂಜೆಯೇ ನೆಲದಕ್ಕ ಆ ಮನೆಗೆ ಹೋದರು. ಪಟ್ಟಿ ಕತ್ತರಿಸಿ, “ಏಳಿ ಯಜಮಾನ್ರೇ, ಹೇಳಿದೀನಿ” ಎಂದರು. ಯಜಮಾನರು ಏಳಲು ನೋಡಿದರು. ಕಾಲು ಮಾತು ಕೇಳಲಿಲ್ಲ.

ಅಲ್ಲಿಂದಾಚೆ ಡ್ಯೂಟಿ ಮುಗಿಸಿ ಅವರು ಆ ಮನೆಗೆ ಹೋಗುವುದು ವಾಡಿಕೆಯಾಯಿತು. ಆಸ್ಪತ್ರೆಯಲ್ಲಿ ವ್ಯಾಯಾಮ ಮಾಡಿಸುವ, ಎಲ್ಲರ ಬಾಯಲ್ಲಿ ನಡಿಗೆ ಮೇಷ್ಟ್ರು ಆಗಿದ್ದವರನ್ನೂ ಎಳೆದೊಯ್ದರು. ಮನೆಯ ಮುಂಭಾಗವೇ ಅಂಗಡಿ, ಮಗ ನಡೆಸುತ್ತಿದ್ದ. ಕಾಲಲ್ಲಿ ಒತ್ತಿದರೆ ಮೇಲೇಳುವ ಕ್ಷೌರದ ಕುರ್ಚಿಯಲ್ಲಿ ತಂದೆಯನ್ನು ಕೂರಿಸಿ, ಕುರ್ಚಿ ಎತ್ತರಿಸಿ, ನೆಲಕ್ಕೆ ಪಾದ ಊರಿಸಿ ನಿಲ್ಲಿಸುವ ಉಪಾಯ ಮೇಷ್ಟ್ರದು. ಬೆಂಚಿನ ಮೇಲೆ ಸರದಿ ಕಾಯುವ ಗಿರಾಕಿಗಳು ಪುಕ್ಕಟೆ ಸಲಹೆ ಕೊಡುತ್ತಿದ್ದರು. ಒಬ್ಬರು ಎಣ್ಣೆ ಎಂದರೆ ಇನ್ನೊಬ್ಬರು ಬಿಸಿನೀರು ಎನ್ನುವರು. ಕಷ್ಟಪಟ್ಟು, ಗಲ್ಲಾಪೆಟ್ಟಿಗೆಯ ಮೇಜು ಹಿಡಿದು, ಮಗ ಒಂದು ಗಡ್ಡ ಹೆರೆದು ಮುಗಿಸುವಷ್ಟು ಹೊತ್ತು ಯಜಮಾನರು ನಿಂತರು. ಅಷ್ಟೇ. ಹೆಜ್ಜೆ ಕೊನೆಗೂ ಬರಲಿಲ್ಲ. ಒಮ್ಮೆ ಅಕ್ಕನ ಮುಖ ನೋಡಿ ಅವರೇ ಸಮಾಧಾನ ಹೇಳಿದರು.

“ಬೇಜಾರು ಮಾಡ್ಕೋಬೇಡಿ ಸಿಸ್ಟರ್. ನೀವು ಕೂರು ಅಂದ್ರಿ, ನಾನೂ ಕೂತೆ. ಜಗಳ ಆಡಿಯಾದ್ರೂ ಏಳಬೇಕಿತ್ತು. ತಪ್ಪಲ್ಲಿ ನಂದೂ ಪಾಲಿದೆ.”

ಆ ಪಾಲನ್ನು ಕೊಡಲು ನೆಲದಕ್ಕ ಒಪ್ಪಲಿಲ್ಲ. ಮುಂದಿನ ಚಳಿಗಾಲದಲ್ಲಿ ಯಜಮಾನರು ತೀರಿಕೊಂಡರು. ನಡೆದು ಬಂದ ಮನುಷ್ಯನನ್ನು ಕೂರಿಸಿ ಕಳುಹಿಸಿದೆ ಎಂಬ ಮಾತು ಅಕ್ಕನಲ್ಲಿ ಉಳಿಯಿತು.

ವಾರ್ಡು ಬದಲಾಯಿತು. ಅತ್ತೆಮ್ಮಗಳು ಉಗ್ರಾಣ ಸೇರಿದವು. ಊಟಕ್ಕೆ ಮುನ್ನ ಹಿರಿಯರನ್ನು ಕೈಹಿಡಿದು ಹಜಾರದಲ್ಲಿ ನಡೆಸುವುದು, ನೋಡಲು ಬಂದ ಮಗಳಿಗೋ ಅಳಿಯನಿಗೋ ಹೇಗೆ ಹಿಡಿದು ನಡೆಸಬೇಕೆಂದು ಕಲಿಸುವುದು, ಮನೆಗೆ ಹೊರಟವರ ಪಟ್ಟಿಯನ್ನು ಹಿರಿಯ ನರ್ಸೇ ಕತ್ತರಿಸಿ “ಇನ್ನು ನಡೀಬೇಕು” ಎಂದು ಬಾಯಿಬಿಟ್ಟು ಹೇಳುವುದು ನಿಯಮವಾಯಿತು. ಹೆಚ್ಚು ಜನ ನಡೆದು ಮನೆಗೆ ಹೋದರು. ಕೆಲವರು ಬಿದ್ದರು ಕೂಡ. ಅಜ್ಜಿಯೊಬ್ಬರ ಮಣಿಕಟ್ಟು ಮುರಿಯಿತು; ಅದು ಕೂಡುವವರೆಗೆ ಅಕ್ಕನೇ ಆಕೆಯ ಜಡೆ ಹೆಣೆದರು, ಆಕೆಯ ಮಗನ ಬೈಗುಳವನ್ನು ನಿಂತು ಕೇಳಿದರು. ಫಲಕ ಬೇರೆ ವಾರ್ಡಿಗೆ ಹೋಯಿತು. ಮುಖ್ಯ ವೈದ್ಯಾಧಿಕಾರಿಗಳು ಕರೆಸಿ, ಇಷ್ಟು ವರ್ಷದ ಕೀರ್ತಿ ಹೀಗೇಕೆ ಮಣ್ಣುಪಾಲಾಯಿತೆಂದು ವಿಚಾರಿಸಿದರು.

“ಮಲಗಿಸಿಟ್ರೆ ಯಾರೂ ಬೀಳಲ್ಲ ಸರ್” ಎಂದರು ನೆಲದಕ್ಕ. “ಏಳೋದೂ ಇಲ್ಲ.”

ಸಾಹೇಬರಿಗೆ ಉತ್ತರ ಹಿಡಿಸಲಿಲ್ಲ. ಅಕ್ಕನಿಗೂ ಗೆದ್ದೆನೆನಿಸಲಿಲ್ಲ, ಮಣಿಕಟ್ಟಿನ ಅಜ್ಜಿ ಹೊರಗೆ ಬೆಂಚಿನ ಮೇಲೆ ಕೂತಿದ್ದರು.

ನಿವೃತ್ತಿಯ ನೆನಪಿಗೆ ತರುತ್ತಿರುವ ಈ ಅಭಿನಂದನ ಸಂಪುಟಕ್ಕಾಗಿ ಸಾಧನೆಗಳ ವಿವರ ಕೇಳಲು ಸಂಪಾದಕ ಮಂಡಳಿ ಮನೆಗೆ ಹೋದಾಗ, ಫಲಕ ಬಂದ ವರ್ಷಗಳನ್ನು ಹಾಕುವುದಾದರೆ ಆ ವರ್ಷಗಳಲ್ಲಿ ನಡೆದು ಬಂದವರೆಷ್ಟು, ನಡೆದು ಹೋದವರೆಷ್ಟು ಎಂಬುದನ್ನೂ ಪಕ್ಕದಲ್ಲೇ ಹಾಕಬೇಕೆಂದು ಅವರು ಹೇಳಿದರು. ಮಂಡಳಿ ಹುಡುಕಿತು. ಬಿದ್ದವರನ್ನು ಎಣಿಸಿದ್ದರು, ನಡೆದವರನ್ನು ಯಾರೂ ಎಣಿಸಿರಲಿಲ್ಲ. ಆದ್ದರಿಂದ ಸಂಪುಟದಲ್ಲಿ ಆ ವರ್ಷಗಳು ಇಲ್ಲ.

ನಿವೃತ್ತಿಯ ನಂತರ ಏನು ಮಾಡುವಿರೆಂಬ ಪ್ರಶ್ನೆಗೆ, ಆ ವರ್ಷಗಳಲ್ಲಿ ಮನೆಗೆ ಕಳುಹಿಸಿದವರನ್ನೆಲ್ಲ ಒಮ್ಮೆ ನೋಡಿ ಬರಬೇಕು ಎಂದಿದ್ದಾರೆ. ಎಷ್ಟೋ ಮಂದಿ ಈಗ ಇರಲಾರರು. ಇರುವವರ ಮನೆಗಳನ್ನು ಹುಡುಕಬೇಕು. ನಡಿಗೆ ಮೇಷ್ಟ್ರೂ ಜೊತೆಗೆ ಹೋಗಲು ಒಪ್ಪಿದ್ದಾರೆ, ಅಥವಾ ಒಪ್ಪದಿರಲು ಅವರಿಗೆ ಅವಕಾಶ ಸಿಕ್ಕಿಲ್ಲ. ನೆಲದಕ್ಕನಿಗೆ ಆಯುಷ್ಯ, ಗಟ್ಟಿ ಮೊಣಕಾಲು ಇರಲಿ; ಅವರ ಪತಿಗೆ ತಾಳ್ಮೆ ಇರಲಿ. ಅವರು ತಟ್ಟುವ ಬಾಗಿಲುಗಳಲ್ಲಿ ಒಂದನ್ನಾದರೂ, ಎಷ್ಟೇ ತಡವಾಗಲಿ, ಒಳಗಿನ ಮುದುಕರು ತಾವೇ ನಡೆದು ಬಂದು ತೆರೆಯಲಿ.