ಅವ್ವ ಕರೆಯದ ಹೆಸರು

ಇವತ್ತು ಪಕ್ಕದ ಮನೆಯಲ್ಲಿ ಗಂಡುಕೂಸನ್ನು ತೊಟ್ಟಿಲಿಗೆ ಹಾಕಿ ಹೆಸರಿಟ್ಟರು. ಅವರು ಕೊಟ್ಟುಹೋದ ಗುಗ್ಗರಿಯ ವಾಸನೆಗೆ ನಾನು ಮನಸ್ಸಿನಲ್ಲೇ, ಹುಟ್ಟಿ ಬೆಳೆದ ದಾಂಡೇಲಿಯ ಕಾಗದ ಗಿರಣಿಯ ಕೆಲಸಗಾರರ ಸಾಲುಮನೆಗಳಿಗೆ ಹೋಗಿಬಿಟ್ಟೆ.

ಆ ಸಾಲಿನಲ್ಲಿ ಗಂಡು ಹುಟ್ಟಿದರೆ ಬಸವಣ್ಣನ ಹೆಸರೇ. ಬಸಪ್ಪ, ಬಸವರಾಜ, ಬಸವಣ್ಣೆಪ್ಪ. "ಬಸ್ಯಾ" ಎಂದು ಕೂಗಿದರೆ ನಾಲ್ಕು ಬಾಗಿಲಿಂದ ಹುಡುಗರು ಇಣುಕುತ್ತಿದ್ದರು. ನನ್ನ ತಮ್ಮನೂ ಬಸಪ್ಪ. ಅದು ಅಜ್ಜನ ಹೆಸರು. ಮಾವನ ಹೆಸರನ್ನು ಸೊಸೆ ಆಡಬಾರದು, ಹಾಗಾಗಿ ಅವ್ವ ಅವನನ್ನು "ತಮ್ಮಾ" ಎಂದಷ್ಟೇ ಕರೆಯುತ್ತಿದ್ದಳು.

"ಎಲ್ಲಾರ ಅವ್ವಗೋಳು ಹೆಸರ ಹಿಡದ ಕರೀತಾರ. ನೀ ಯಾಕ ಕರ್ಯಂಗಿಲ್ಲ?" ಎಂದು ಅವನು ಒಮ್ಮೆ ಮುನಿಸಿಕೊಂಡ.

"ಮಾವನ ಹೆಸರ ಹೆಂಗ ಕರೀಲೊ?" ಎಂದು ಅವ್ವ ನಕ್ಕು, ಅವನ ಕೈಗೆ ಬೆಲ್ಲದ ಚೂರು ಇಟ್ಟಳು.

ಏಳನೇ ವಯಸ್ಸಿನಲ್ಲಿ ಅವನು ಜ್ವರದಿಂದ ಮೂರು ದಿನ ಮಲಗಿದ. ನಾಲ್ಕನೇ ದಿನ ಮಧ್ಯಾಹ್ನ ಅವ್ವನ ತೊಡೆಯ ಮೇಲೆಯೇ ಉಸಿರು ನಿಂತಿತು. "ತಮ್ಮಾ, ತಮ್ಮಾ" ಎಂದು ಅಲುಗಾಡಿಸಿದ ಅವ್ವ ಕೊನೆಗೆ "ಬಸಪ್ಪಾ, ಏಳೋ" ಅಂದಳು. ಅಂದವಳೇ ಬಾಗಿಲಲ್ಲಿ ಕುಳಿತಿದ್ದ ಅಜ್ಜನನ್ನು ನೋಡಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಅಜ್ಜ ರುಮಾಲು ತೆಗೆದು ನೆಲಕ್ಕಿಟ್ಟ. "ಬಾಯಿ ಮುಚ್ಕೋಬ್ಯಾಡ ಮಗಳ. ಗಟ್ಟಿಯಾಗಿ ಕರಿ, ಅವಗ ಕೇಳ್ಲಿ" ಎಂದ.

ನನ್ನ ಮುಂದಿನ ಗುಗ್ಗರಿ ಆರಿಹೋಗಿದೆ. ಗೋಡೆಯಾಚೆ ಆ ಬಾಣಂತಿ ಕೂಸಿನ ಹೆಸರನ್ನು ಮತ್ತೆ ಮತ್ತೆ ಕರೆದು ಮುದ್ದಿಸುತ್ತಿದ್ದಾಳೆ.

ಕರಿ ಮಗಳ, ಬಾಯಿ ತುಂಬ ಕರಿ.